ಗಂಡಸಿನ ಹಿಮ್ಮಡಿ, ಹೆಂಗಸಿನ ಬಳೆ



ಗಳಗನಾಥರ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಈ ಅಗಡಿಯ ಆನಂದವನದಿಂದ ಹೊರಟು ಕನ್ನಡದ ಮನೆಗಳಿಗೆ ಓದುವ ರೂಢಿ ಹಚ್ಚಿತು. ಅಂಥ ಊರಿಗೆ ಬಂದು ಇಷ್ಟು ಹಗುರ ವಿಷಯ ಆರಿಸಿಕೊಂಡರಲ್ಲ ಎಂದು ಯಾರಿಗಾದರೂ ಅನಿಸಿದರೆ ಸ್ವಲ್ಪ ತಾಳಿರಿ. ಗಂಡಸರು ಹೈ ಹೀಲ್ಸ್ ಹಾಕಬಹುದೇ, ಅಂಗಡಿಯವರು ‘ಜೆಂಟ್ಸ್’, ‘ಲೇಡೀಸ್’ ಎಂದು ಅಂಟಿಸಿದ ಚೀಟಿಗೆ ನಾವು ಎಷ್ಟು ತಲೆಬಾಗಬೇಕು ಎಂಬುದು ಇವತ್ತಿನ ಮಾತು. ಕಾಲಿನಿಂದ ಶುರುವಾದರೂ ಅದು ಕಾಲಿನಲ್ಲೇ ನಿಲ್ಲುವುದಿಲ್ಲ.

ಮಠಗಳಲ್ಲಿ ಗದ್ದುಗೆಯ ಮುಂದೆ ಇಟ್ಟ ಹಾವುಗೆಯನ್ನು ನೀವೆಲ್ಲ ನೋಡಿದ್ದೀರಿ. ಹೆಬ್ಬೆರಳಿನ ಸಂದಿಗೆ ಒಂದು ಗುಂಡಿ, ಅಂಗಾಲಿನ ಕೆಳಗೆ ನೆಲದಿಂದ ಮೇಲೆತ್ತುವ ಕಟ್ಟಿಗೆ. ಅದನ್ನು ಮೆಟ್ಟಿದ ಗುರುಗಳು ಎತ್ತರವಾಗಿ ಕಾಣುತ್ತಾರೆ, ಟಕ್ ಟಕ್ ಎಂದು ಸಪ್ಪಳ ಕೇಳಿದ ಕೂಡಲೇ ಓಣಿಯವರು ಎದ್ದು ನಿಲ್ಲುತ್ತಾರೆ. ಎತ್ತರ, ಸಪ್ಪಳ, ನಿಧಾನದ ನಡಿಗೆ. ಇವತ್ತು ಯಾವುದನ್ನು ಹೆಂಗಸರ ಹೀಲ್ಸಿನ ಲಕ್ಷಣ ಅನ್ನುತ್ತೇವೋ ಆ ಮೂರೂ ಇಲ್ಲಿವೆ. ಆದರೂ ಹಾವುಗೆಯನ್ನು ಹೆಣ್ಣಿನ ಕಾಲ್ಮರಿ ಎಂದು ಯಾರೂ ಕರೆದಿಲ್ಲ.

ಹೊರದೇಶದ ಕಥೆಯೂ ಹೀಗೇ ಇದೆ. ಹಿಮ್ಮಡಿ ಎತ್ತರಿಸಿದ ಜೋಡು ಪರ್ಷಿಯಾದ ಕುದುರೆ ಸವಾರರದು. ಓಡುವ ಕುದುರೆಯ ಮೇಲೆ ಎದ್ದು ನಿಂತು ಬಾಣ ಬಿಡುವಾಗ ಕಾಲು ರಿಕಾಪಿನಿಂದ ಜಾರಬಾರದು, ಅದಕ್ಕೆ ಆ ಹಿಮ್ಮಡಿ ಆನಿಕೆ. 1599ರಲ್ಲಿ ಪರ್ಷಿಯಾದ ಷಾ ಅಬ್ಬಾಸ್ ಯುರೋಪಿನ ಅರಸರ ಕಡೆಗೆ ರಾಯಭಾರಿಗಳನ್ನು ಕಳಿಸಿದ. ಆ ಕಾಲದಲ್ಲಿ ಪರ್ಷಿಯಾದ ಉಡುಗೆ ತೊಡುಗೆಗಳ ಮೇಲೆ ಯುರೋಪಿಗೆ ಮೋಹ ಹುಟ್ಟಿತು, ಅಲ್ಲಿಯ ಸರದಾರರು ಹಿಮ್ಮಡಿಯ ಜೋಡು ಮೆಟ್ಟತೊಡಗಿದರು. ಗಂಡಸರನ್ನು ನೋಡಿ ಹೆಂಗಸರು ಮೆಟ್ಟಿದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯನ್ನು ಇಯಾಸಿಂತ್ ರಿಗೊ 1701ರಲ್ಲಿ ಚಿತ್ರಿಸಿದ್ದಾನೆ. ಅದರಲ್ಲಿ ದೊರೆ ಬಿಳಿಯ ಕಾಲುಚೀಲ ಏರಿಸಿ, ಕೆಂಪು ಹಿಮ್ಮಡಿಯ ಜೋಡು ಹಾಕಿ, ಕಾಲು ಮುಂದೆ ಚಾಚಿ ನಿಂತಿದ್ದಾನೆ. ಕೆಂಪು ಹಿಮ್ಮಡಿ ಅರಮನೆಯ ಗಂಡಸರ ಗುರುತಾಗಿತ್ತು. 18ನೆಯ ಶತಮಾನದ ನಡುವಿನ ಹೊತ್ತಿಗೆ ಗಂಡಸರು ಅದನ್ನು ಬಿಟ್ಟರು. ಗಂಡಸು ವಿಚಾರವಂತ, ಅವನಿಗೆ ಶೃಂಗಾರ ಬೇಡ, ಶೃಂಗಾರವೆಲ್ಲ ಹೆಂಗಸಿಗೆ ಎಂಬ ನಂಬಿಕೆ ಆ ಕಾಲದಲ್ಲಿ ಗಟ್ಟಿಯಾಯಿತು. ಹಿಮ್ಮಡಿ ಇದ್ದಂತೆಯೇ ಇತ್ತು, ಅದರ ಮರ್ಯಾದೆ ಮಾತ್ರ ಇಳಿಯಿತು. ನನ್ನ ಇವತ್ತಿನ ಮಾತಿನ ಬೇರು ಈ ಇಳಿತದಲ್ಲಿದೆ.

1970ರ ದಶಕದಲ್ಲಿ ಹಿಮ್ಮಡಿ ಮತ್ತೆ ಗಂಡಸರ ಕಾಲಿಗೆ ಬಂತು. ಬೆಲ್ ಬಾಟಮ್ ಪ್ಯಾಂಟಿನ ಕೆಳಗೆ ದಪ್ಪ ಅಟ್ಟೆಯ, ಎತ್ತರದ ಬೂಟು ಹಾಕಿ ಸಿನಿಮಾದ ಹೀರೋಗಳು ಕುಣಿದರು, ಕಾಲೇಜು ಹುಡುಗರು ಅವರನ್ನು ಅನುಸರಿಸಿದರು. ಇಲ್ಲಿ ಕೂತ ಹಿರಿಯರಲ್ಲಿ ಕೆಲವರ ಹಳೆಯ ಫೋಟೋ ತೆಗೆದರೆ ಅಂಥ ಬೂಟು ಕಂಡೀತು.

ಚೀಟಿಯ ಮಾತಿಗೆ ಬರೋಣ. ಎಲ್ಲ ಚೀಟಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಲಕ್ಷಕ್ಕೂ ಹೆಚ್ಚು ಜನರ ಕಾಲು ಅಳೆಯಿತು. ಹೆಣ್ಣುಮಕ್ಕಳ ಪಾದ ಹೆಚ್ಚುಕಡಿಮೆ 11ನೆಯ ವಯಸ್ಸಿಗೆ, ಗಂಡುಮಕ್ಕಳದು 15-16ಕ್ಕೆ ಬೆಳೆದು ನಿಲ್ಲುತ್ತದೆ, ನಮ್ಮ ಜನರ ಪಾದ ಯುರೋಪಿನವರ ಪಾದಕ್ಕಿಂತ ಅಗಲ ಎಂದು ಅದಕ್ಕೆ ಕಂಡುಬಂತು. ಇದರ ಆಧಾರದ ಮೇಲೆ ‘ಭಾ’ ಎಂಬ ದೇಶೀ ಅಳತೆಯನ್ನು ಸೂಚಿಸಿದ್ದಾರೆ. ಅದರಲ್ಲೂ ಗಂಡಿಗೆ ಬೇರೆ ಸಾಲು, ಹೆಣ್ಣಿಗೆ ಬೇರೆ ಸಾಲು ಇದೆ, ಇರಲಿ. ಅಳತೆ ಹೇಳುವ ಚೀಟಿ ಕಾಲಿಗೆ ಉಪಕಾರ ಮಾಡುತ್ತದೆ. ಇದನ್ನು ನೀನು ಹಾಕಕೂಡದು ಎಂದು ಹೇಳುವ ಚೀಟಿಗೆ ಆ ಅಧಿಕಾರ ಕೊಟ್ಟವರು ಯಾರು? ಗುಲಾಬಿ ಬಣ್ಣ ಹೆಣ್ಣುಮಕ್ಕಳದು ಎಂದು ಮಗುವಿನ ಅಂಗಿ ಮಾರುವವರು ಹೇಳುತ್ತಾರೆ. ನಮ್ಮ ಲಗ್ನಗಳಲ್ಲಿ ಗುಲಾಬಿ ಪಟಗ ಸುತ್ತಿಕೊಂಡು ಮೀಸೆ ತಿರುವುತ್ತ ಓಡಾಡುವವರು ಯಾರ ಮಕ್ಕಳು?

ಚಪ್ಪಲಿಯ ಮಾತು ಬಂದಾಗ ಸಮಗಾರ ಶರಣ ಹರಳಯ್ಯನವರನ್ನು ನೆನೆಯದೆ ಮುಂದೆ ಹೋಗಲಾರೆ. ಬಸವಣ್ಣನವರು ‘ಶರಣು ಶರಣಾರ್ಥಿ’ ಅಂದದ್ದಕ್ಕೆ ಹರಳಯ್ಯ ತನ್ನ ಬಲತೊಡೆಯ ಚರ್ಮ ತೆಗೆದ, ಅವನ ಹೆಂಡತಿ ಕಲ್ಯಾಣಮ್ಮ ತನ್ನ ಎಡತೊಡೆಯ ಚರ್ಮ ತೆಗೆದಳು, ಇಬ್ಬರೂ ಸೇರಿ ಪಾದುಕೆ ಮಾಡಿದರು ಎಂದು ನಾವು ಪುರಾಣದಲ್ಲಿ ಕೇಳುತ್ತ ಬಂದಿದ್ದೇವೆ. ಒಂದು ಕಾಲಿಗೆ ಗಂಡಿನ ಚರ್ಮ, ಇನ್ನೊಂದು ಕಾಲಿಗೆ ಹೆಣ್ಣಿನ ಚರ್ಮ. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಈ ಕಥೆಯಲ್ಲಿ ತ್ಯಾಗವನ್ನು ಮಾತ್ರ ನೋಡಿ ಸುಮ್ಮನಾಗುತ್ತೇವೆ, ಜೋಡಿಯನ್ನು ನೋಡುವುದಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಇವತ್ತಿಗೂ ಗಂಡಸರು ಅಟ್ಟೆ ಕತ್ತರಿಸುತ್ತಾರೆ, ಹೆಂಗಸರು ಹೆಣೆಯುತ್ತಾರೆ, ಹೊಲಿಯುತ್ತಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಗಂಡಸರ ಉಡುಪಿನ ಪ್ರದರ್ಶನ ಇಟ್ಟು, ಅದರಲ್ಲಿ ಇಂಥದೇ ಚಪ್ಪಲಿ ತೋರಿಸಿತು. ಮೂಲ ಹೇಳದೆ ತೋರಿಸಿದ್ದಕ್ಕೆ ಇಲ್ಲಿ ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳ ಹೆಸರೆತ್ತಿತು. ಆ ಸಿಟ್ಟು ನ್ಯಾಯವಾದದ್ದು.

ಈಗ ಸ್ವಲ್ಪ ಕಹಿ ಮಾತು. ಹುಡುಗಿ ಪ್ಯಾಂಟು ಹಾಕಿದಾಗ ಮೊದಮೊದಲು ಊರು ಗೊಣಗಿತು, ಈಗ ‘ಗಂಡುಮಗನ ಹಾಗೆ ಬೆಳೆದಾಳ’ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಾನೆ. ಹುಡುಗ ಹಿಮ್ಮಡಿ ಏರಿಸಿದರೆ, ಉಗುರಿಗೆ ಬಣ್ಣ ಹಚ್ಚಿದರೆ ಅದೇ ಅಪ್ಪ ತಲೆ ತಗ್ಗಿಸುತ್ತಾನೆ. ಯಾಕೆ? ಗಂಡಸಿನ ವಸ್ತು ತೊಟ್ಟ ಹೆಣ್ಣು ಮೇಲಕ್ಕೆ ಹತ್ತಿದಳು, ಹೆಂಗಸಿನ ವಸ್ತು ತೊಟ್ಟ ಗಂಡು ಕೆಳಕ್ಕೆ ಇಳಿದ ಎಂಬ ಲೆಕ್ಕ ನಮ್ಮ ಹೊಟ್ಟೆಯೊಳಗೆ ಕೂತಿದೆ. ಧರಣಿಗಳಲ್ಲಿ ಏನು ನಡೆಯುತ್ತದೆ ನೋಡಿರಿ. ಕೆಲಸ ಮಾಡದ ಅಧಿಕಾರಿಗೆ, ಮಾತು ತಪ್ಪಿದ ಮಂತ್ರಿಗೆ ಬಳೆ, ಸೀರೆ, ಕುಂಕುಮ ಕೊಡಲು ಹೋಗುತ್ತಾರೆ. ಒಮ್ಮೊಮ್ಮೆ ಆ ತಾಟು ಹಿಡಿದು ಮುಂದೆ ಹೋಗುವವರು ಹೆಣ್ಣುಮಕ್ಕಳೇ. ಅಕ್ಕಂದಿರೆ, ನಿಮ್ಮ ಕೈಯ ಬಳೆ ಬೈಗುಳ ಹೇಗಾಯಿತು? ಅದೇ ಬಳೆ ತೊಟ್ಟ ಕೈ ಬ್ಯಾಡಗಿಯ ಅಂಗಳಗಳಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತದೆ. ಆ ಕಾಯಿಯ ಕೆಂಪು ಬಣ್ಣ ತೆಗೆದು ತುಟಿಗೆ, ಉಗುರಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ. ಆ ಕೈಗಳಲ್ಲಿ ಹೇಡಿತನ ಎಲ್ಲಿದೆ? ಹೀಲ್ಸ್ ಹಾಕಿದ ಹುಡುಗನನ್ನು ನೋಡಿ ನಕ್ಕಾಗ ಆ ನಗೆಯ ಏಟು ಬೀಳುವುದು ನಮ್ಮ ಅವ್ವಂದಿರಿಗೆ, ಅಕ್ಕತಂಗಿಯರಿಗೆ.

ಈ ಚೀಟಿ ಹೆಂಗಸರಿಗೂ ಸುಖ ಕೊಟ್ಟಿಲ್ಲ. ಲಂಡನ್ನಿನ ನಿಕೋಲಾ ಥಾರ್ಪ್ ಎಂಬಾಕೆ ಹಿಮ್ಮಡಿಯಿಲ್ಲದ ಜೋಡು ಹಾಕಿ ಸ್ವಾಗತಕಾರ್ತಿಯ ಕೆಲಸಕ್ಕೆ ಹೋದಾಗ ಮನೆಗೆ ಕಳಿಸಿದರು. 2016ರಲ್ಲಿ ಆಕೆ ಪಾರ್ಲಿಮೆಂಟಿಗೆ ಬರೆದ ಮನವಿಗೆ ಲಕ್ಷಕ್ಕೂ ಮೀರಿ ಜನ ಸಹಿ ಹಾಕಿದರು. ಜಪಾನಿನಲ್ಲಿ ಯುಮಿ ಇಶಿಕಾವಾ 2019ರಲ್ಲಿ ಇಂಥದೇ ಚಳವಳಿ ಹೂಡಿದರು. ದಿನವೂ ಎತ್ತರದ ಹಿಮ್ಮಡಿ ಮೆಟ್ಟಿದರೆ ಮೈಭಾರ ಮುಂಗಾಲಿಗೆ ಬಿದ್ದು, ಮೀನಖಂಡದ ಸ್ನಾಯು ಗಿಡ್ಡವಾಗುತ್ತದೆ. ಗಂಡಸಿಗೂ ಅಷ್ಟೇ, ಹೆಂಗಸಿಗೂ ಅಷ್ಟೇ. ಹಾಕಿರಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಒಬ್ಬರಿಗೆ ಕಡ್ಡಾಯ, ಇನ್ನೊಬ್ಬರಿಗೆ ನಿಷಿದ್ಧ ಅನ್ನುವುದನ್ನು ಒಪ್ಪಲಾರೆ.

ನಮ್ಮ ಸೀಮೆಗೆ ಸೀರೆ ಉಟ್ಟ ಗಂಡಸು ಹೊಸಬನಲ್ಲ. ದೊಡ್ಡಾಟದಲ್ಲಿ ದ್ರೌಪದಿಯಾಗಿ, ಸಣ್ಣಾಟದಲ್ಲಿ ಸಂಗ್ಯಾ ಬಾಳ್ಯಾದ ಗಂಗಿಯಾಗಿ ಬಹುಕಾಲ ಕುಣಿದವರು ಗಂಡಸರೇ. ಮುಖಕ್ಕೆ ಅರದಾಳ, ಕಣ್ಣಿಗೆ ಕಾಡಿಗೆ, ಕಾಲಿಗೆ ಗೆಜ್ಜೆ. ಏಣಗಿ ಬಾಳಪ್ಪನವರು ಹರೆಯದಲ್ಲಿ ಸ್ತ್ರೀಪಾತ್ರದಿಂದ ಹೆಸರಾದವರು, ಮುಂದೆ ಅವರೇ ಬಸವಣ್ಣನ ಪಾತ್ರಕ್ಕೆ ಪ್ರಸಿದ್ಧರಾದರು. ಮರಾಠಿ ನಟ ಬಾಲಗಂಧರ್ವರು ರಂಗದ ಮೇಲೆ ಉಟ್ಟ ಸೀರೆಯ ರೀತಿಯನ್ನು ಮನೆಯ ಹೆಣ್ಣುಮಕ್ಕಳು ನೋಡಿ ಕಲಿತರು. ಆಟ ನೋಡುತ್ತ ಬೆಳತನಕ ಕೂತ ಜನ ಆ ಗಂಡಸರ ಒನಪಿಗೆ ತಲೆದೂಗಿದ್ದಾರೆ. ಬೆಳಗಾದ ಮೇಲೆ, ಬಣ್ಣ ತೊಳೆದ ಮೇಲೆ, ಆ ಒನಪು ಸ್ವಲ್ಪ ಉಳಿದರೂ ಸಹಿಸಲಿಲ್ಲ. ರಂಗದ ಮೇಲೆ ಅಪ್ಪಣೆ ಕೊಟ್ಟೆವು, ರಸ್ತೆಯ ಮೇಲೆ ಕೊಡಲಿಲ್ಲ.

ಅಪ್ಪಣೆ ಕೊಟ್ಟ ಇನ್ನೊಂದು ಜಾಗ ದೇವಿಯ ಗುಡಿ. ಗಳಗನಾಥದ ಹತ್ತಿರ ನಮ್ಮ ವರದೆಯನ್ನು ಸೇರಿಸಿಕೊಂಡ ತುಂಗಭದ್ರೆ ಕೆಳಗೆ ಹರಿದು ಹೋದರೆ ದಂಡೆಯ ಮೇಲೆ ಹುಲಿಗಿ ಸಿಗುತ್ತದೆ. ಗಂಡುಮಗುವೆಂದು ಬೆಳೆದ ಮಂಜಮ್ಮ ಜೋಗತಿಯವರು ಅಲ್ಲಿಯ ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು ಜೋಗತಿಯಾದರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಂದು ಮಾತನ್ನು ಬಿಡಿಸಿ ಹೇಳಬೇಕು. ಮಂಜಮ್ಮನವರು ಸೀರೆ ಉಟ್ಟ ಗಂಡಸಲ್ಲ, ಅವರು ಹೆಣ್ಣು. ಪಾತ್ರ ಮುಗಿದ ಮೇಲೆ ಧೋತರ ಉಡುವ ನಟ ಬೇರೆ. ಹೀಲ್ಸ್ ಚೆಂದ ಅನಿಸಿ ಹಾಕುವ, ತಾನು ಗಂಡಸೇ ಎಂದು ತಿಳಿದ ಹುಡುಗ ಮತ್ತೂ ಬೇರೆ. ಮೂವರನ್ನೂ ಒಂದೇ ಚೀಲಕ್ಕೆ ತುಂಬಿ ಒಂದೇ ಬೈಗುಳ ಬೈಯುತ್ತೇವೆ. ಆ ಬೈಗುಳ ನಾನಿಲ್ಲಿ ಆಡುವುದಿಲ್ಲ.

ಸ್ವಾತಂತ್ರ್ಯಕ್ಕೆ ಮೊದಲು ಈ ಹುಲಿಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1919ರ ಸುಮಾರಿಗೆ ಆ ಸಂಸ್ಥಾನ ಒಂದು ಕಾನೂನು ಮಾಡಿತು. ಹಿಜಡಾ ಎಂದು ಸರ್ಕಾರ ಪಟ್ಟಿಗೆ ಸೇರಿಸಿದವರು ಹೆಣ್ಣಿನ ಉಡುಪಿನಲ್ಲಿ, ಒಡವೆ ಇಟ್ಟುಕೊಂಡು ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದು, ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದು. ಬ್ರಿಟಿಷರು 1871ರಲ್ಲಿ ಉತ್ತರದ ಪ್ರಾಂತ್ಯಗಳಿಗೆ ಮಾಡಿದ್ದ ಕಾನೂನಿನ ಜಾಡಿನಲ್ಲಿ ಬಂದದ್ದು ಇದು. ದೇವಿ ಸೀರೆ ಉಡಿಸುತ್ತಿದ್ದ ಸಂಸ್ಥಾನದಲ್ಲೇ ಸರ್ಕಾರ ಸೀರೆಗೆ ಶಿಕ್ಷೆ ಬರೆದಿತ್ತು. ತೆಲಂಗಾಣ ಹೈಕೋರ್ಟು ಈ ಕಾನೂನನ್ನು ರದ್ದು ಮಾಡಿದ್ದು 2023ರ ಜುಲೈನಲ್ಲಿ. ಅದಕ್ಕೂ ಮೊದಲೇ, 2014ರ ಏಪ್ರಿಲ್ 15ರಂದು, ಸುಪ್ರೀಂ ಕೋರ್ಟು ಟ್ರಾನ್ಸ್‌ಜೆಂಡರ್ ಜನರ ಹಕ್ಕು ಕುರಿತ ನಾಲ್ಸಾ ತೀರ್ಪಿನಲ್ಲಿ ಉಡುಪಿನ ಆಯ್ಕೆಯನ್ನು ಸಂವಿಧಾನದ 19ನೆಯ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಸೇರಿಸಿತ್ತು. ಅಂದರೆ ಉಡಲು ತೊಡಲು ರಂಗದ ನೆಪವೂ ಬೇಡ, ದೇವರ ನೆಪವೂ ಬೇಡ. ಇಷ್ಟ ಅನ್ನುವ ಒಂದು ಕಾರಣ ಸಾಕು. ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎನ್ನುವ ದೇವರ ದಾಸಿಮಯ್ಯನವರ ವಚನ ನಿಮಗೆಲ್ಲ ಬಾಯಿಪಾಠ.

ಇಲ್ಲಿ ಶಾಲೆಯ ಗುರುಗಳು, ಅಕ್ಕೋರು ಬಹಳ ಜನ ಬಂದಿದ್ದೀರಿ. ಕೊನೆಯದಾಗಿ ನಿಮಗೊಂದು ಬಿನ್ನಹ. ಗ್ಯಾದರಿಂಗಿನಲ್ಲಿ ಚೆಂದ ಕುಣಿಯುವ ಹುಡುಗನಿಗೆ ನೀವೇ ಸೀರೆ ಉಡಿಸಿ ವೇದಿಕೆಗೆ ಕಳಿಸುತ್ತೀರಿ, ಊರೆಲ್ಲ ಸಿಳ್ಳೆ ಹೊಡೆಯುತ್ತದೆ, ಬಹುಮಾನ ಬರುತ್ತದೆ. ಮರುದಿನದಿಂದ ಆ ಹುಡುಗನಿಗೆ ಒಂದು ಅಡ್ಡಹೆಸರು ಬೀಳುತ್ತದೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಆ ಹೆಸರು ಅವನನ್ನು ಬಿಡುವುದಿಲ್ಲ, ಕೆಲವರು ಅದಕ್ಕೆ ಹೆದರಿ ಶಾಲೆಯನ್ನೇ ಬಿಡುತ್ತಾರೆ. ಗ್ಯಾದರಿಂಗು ಮುಗಿದ ಮರುದಿನ ತರಗತಿಗೆ ಹೋದಾಗ, ಹಾಜರಿ ತೆಗೆದುಕೊಳ್ಳುವ ಮೊದಲು, ಆ ಅಡ್ಡಹೆಸರನ್ನು ನಿಲ್ಲಿಸಿರಿ. ಹುಡುಗನನ್ನು ಒಬ್ಬನನ್ನೇ ಕರೆದು ಸಮಾಧಾನ ಹೇಳಿದರೆ ಸಾಲದು. ಕೂಗಿದವರಿಗೆ, ಎಲ್ಲರ ಮುಂದೆ, ಗಟ್ಟಿಯಾಗಿ ಹೇಳಬೇಕು.