ಮನೆಯೊಳಗಿನ ಆರೈಕೆ: ಪರವಾನಿಗೆ ಯಾರಿಗೆ, ಹೊಣೆ ಯಾರದು?

(ಹನೂರಿನಲ್ಲಿ ನಡೆದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಸ್ಪತ್ರೆಯೊಂದು ಬಾಗಿಲು ತೆರೆಯಬೇಕಾದರೆ ಸರಕಾರದ ನೋಂದಣಿ ಬೇಕು. ಔಷಧದ ಅಂಗಡಿಗೆ ಪರವಾನಿಗೆ ಬೇಕು. ಬೀದಿಬದಿಯ ತಿಂಡಿ ಗಾಡಿಗೂ ಆಹಾರ ಸುರಕ್ಷತೆಯ ನೋಂದಣಿ ಬೇಕು. ಆದರೆ ಹಾಸಿಗೆ ಹಿಡಿದ ರೋಗಿಗೆ ಮೂಗಿನ ಕೊಳವೆಯಲ್ಲಿ ಆಹಾರ ಕೊಡಲು, ಮೂತ್ರದ ನಳಿಕೆ ನೋಡಿಕೊಳ್ಳಲು, ಇನ್ಸುಲಿನ್ ಚುಚ್ಚಲು ಮನೆಗೆ ಜನರನ್ನು ಕಳುಹಿಸುವ ಏಜೆನ್ಸಿಗೆ ಏನು ಬೇಕು? ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಒಂದು ನೋಂದಣಿ ಇದ್ದರೆ ಅದೇ ಹೆಚ್ಚು. ಆ ಕಾಯ್ದೆಯು ಕಚೇರಿಯ ಕೆಲಸದ ವೇಳೆಯನ್ನು ನೋಡುತ್ತದೆ, ರಜೆಯನ್ನು ನೋಡುತ್ತದೆ. ರೋಗಿಯ ಬೆನ್ನಿನ ಹುಣ್ಣನ್ನು ಅದು ನೋಡುವುದಿಲ್ಲ.

ಹನೂರಿನಲ್ಲಿ ಇಂತಹ ಏಜೆನ್ಸಿಗಳ ಭರಾಟೆ ಎಲ್ಲಿದೆ, ಈ ವಿಷಯವನ್ನು ಇಲ್ಲೇಕೆ ಎತ್ತಬೇಕು ಎಂದು ಕೆಲವರಿಗೆ ಅನಿಸಬಹುದು. ಉತ್ತರ ನಮ್ಮ ಮನೆಗಳಲ್ಲಿಯೇ ಇದೆ. ರಾಮಾಪುರ, ಕೌದಳ್ಳಿ, ಮಾರ್ಟಳ್ಳಿ, ಲೊಕ್ಕನಹಳ್ಳಿಗಳ ಯುವಕ ಯುವತಿಯರು ದುಡಿಮೆಗಾಗಿ ಬೆಂಗಳೂರು, ಮೈಸೂರು, ಕೊಯಮತ್ತೂರುಗಳಿಗೆ ಹೋಗುತ್ತಾರೆ. ಊರಿನಲ್ಲಿ ವೃದ್ಧರು ಉಳಿಯುತ್ತಾರೆ. ಲಕ್ವ ಹೊಡೆದವರು, ಸೊಂಟದ ಮೂಳೆ ಮುರಿದವರು, ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರು ಮೈಸೂರಿನ ಆಸ್ಪತ್ರೆಗಳಿಂದ ಬಿಡುಗಡೆಯಾಗಿ ಈ ಗುಡ್ಡಗಾಡಿಗೆ ಮರಳುತ್ತಾರೆ. ಇನ್ನೊಂದೆಡೆ, ನಗರಗಳ ಶ್ರೀಮಂತರ ಮನೆಗಳಲ್ಲಿ 'ಹೋಂ ನರ್ಸ್' ಎಂಬ ಹೆಸರಿನಲ್ಲಿ ಹಗಲಿರುಳು ದುಡಿಯುವವರು ಇಂತಹ ಹಿಂದುಳಿದ ತಾಲೂಕುಗಳ ಬಡ ಹೆಣ್ಣುಮಕ್ಕಳೇ. ಹೀಗೆ ಆರೈಕೆ ಬೇಡುವವರೂ ನಾವೇ, ಆರೈಕೆ ಮಾಡುವವರೂ ನಾವೇ. ಕಾನೂನು ಇಲ್ಲದಿರುವುದರ ನಷ್ಟ ಎರಡೂ ಕಡೆಯಿಂದ ನಮಗೇ ತಟ್ಟುತ್ತದೆ.

ಕಾನೂನಿನ ಕಣ್ಣು ಎಲ್ಲಿಯವರೆಗೆ?

ನಮ್ಮ ರಾಜ್ಯದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಆಸ್ಪತ್ರೆ, ನರ್ಸಿಂಗ್ ಹೋಂ, ಕ್ಲಿನಿಕ್, ಪ್ರಯೋಗಾಲಯ, ಸ್ಕ್ಯಾನಿಂಗ್ ಕೇಂದ್ರ, ಫಿಸಿಯೋಥೆರಪಿ ಕೇಂದ್ರ ಇವೆಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. 2017ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತರುವಾಗ ರಾಜ್ಯದಲ್ಲಿ ಎಂತಹ ಕೋಲಾಹಲವಾಯಿತೆಂಬುದು ನಮಗೆಲ್ಲ ನೆನಪಿದೆ. ಆ ವರ್ಷದ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು. ಕೊನೆಗೆ ರೋಗಿಗಳ ಹಕ್ಕುಗಳ ಸನ್ನದು ಮತ್ತು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಹಾಗೂ ಕುಂದುಕೊರತೆ ಪ್ರಾಧಿಕಾರವು ಕಾಯ್ದೆಯಲ್ಲಿ ಸ್ಥಾನ ಪಡೆದವು. ಅದು ಸ್ವಾಗತಾರ್ಹ ಹೆಜ್ಜೆ. ಆದರೆ ಆ ಕಾಯ್ದೆಯ ಕಲ್ಪನೆಯಲ್ಲಿ ಚಿಕಿತ್ಸೆ ಎಂದರೆ ಕಟ್ಟಡ. ರೋಗಿಯು ಸಂಸ್ಥೆಗೆ ಬರುತ್ತಾನೆ ಎಂಬ ಎಣಿಕೆಯ ಮೇಲೆ ಅದು ನಿಂತಿದೆ. ಸಂಸ್ಥೆಯೇ ರೋಗಿಯ ಮನೆಗೆ ಹೋದಾಗ ಅದರ ಕಣ್ಣು ಮಂಜಾಗುತ್ತದೆ.

ಇದರ ಪರಿಣಾಮವೇನು? ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಶುಶ್ರೂಷೆಯ ಮೊದಲ ಪಾಠ. ಅದು ತಪ್ಪಿದರೆ ಚರ್ಮ ಕೊಳೆತು ಹುಣ್ಣಾಗುತ್ತದೆ, ನಂಜು ರಕ್ತಕ್ಕೇರಿ ಪ್ರಾಣಕ್ಕೇ ಕುತ್ತಾಗುತ್ತದೆ. ಮೂಗಿನ ಕೊಳವೆಯು ಜಠರದಲ್ಲಿದೆಯೇ, ಜಾರಿ ಶ್ವಾಸನಾಳದ ಕಡೆಗೆ ಹೋಗಿದೆಯೇ ಎಂದು ನೋಡದೆ ಗಂಜಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇವುಗಳನ್ನು ಬಲ್ಲವರು ಯಾರು, ಅರಿಯದವರು ಯಾರು ಎಂದು ಗುರುತಿಸುವ ಬಗೆ ಮನೆಯವರಿಗೆ ತಿಳಿಯದು. ಬಿಳಿ ಅಂಗಿ ತೊಟ್ಟವರೆಲ್ಲರೂ ಅವರ ಪಾಲಿಗೆ ನರ್ಸೇ. ಅನಾಹುತವಾದಾಗ, 'ನಾವು ಜನರನ್ನು ಒದಗಿಸುವ ಮಧ್ಯವರ್ತಿಗಳು ಮಾತ್ರ' ಎಂದು ಕೈತೊಳೆದುಕೊಳ್ಳಲು ಏಜೆನ್ಸಿಗೆ ದಾರಿ ತೆರೆದಿರುತ್ತದೆ.

ನಮ್ಮ ಜಿಲ್ಲೆಯು ಮರೆಯಲಾಗದ ಘಟನೆಯೊಂದನ್ನು ಇಲ್ಲಿ ನೆನೆಯಬೇಕು. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸಾವಿಗೀಡಾದ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಆಮ್ಲಜನಕದ ಕೊರತೆಯ ಪ್ರಶ್ನೆ ಎದ್ದಿತು. ಹೈಕೋರ್ಟು ಮಧ್ಯಪ್ರವೇಶಿಸಿತು, ನಿವೃತ್ತ ನ್ಯಾಯಮೂರ್ತಿಗಳ ಸಮಿತಿಯು ಕಡತಗಳನ್ನು ತರಿಸಿ ಪರಿಶೀಲಿಸಿತು. ನೊಂದ ಕುಟುಂಬಗಳಿಗೆ ಪೂರ್ಣ ನ್ಯಾಯ ದೊರೆಯಿತೇ ಎಂಬುದು ಬೇರೆ ಮಾತು. ಆದರೆ ಪ್ರಶ್ನಿಸಲು ಅಲ್ಲೊಂದು ಸಂಸ್ಥೆಯಿತ್ತು, ಕಡತವಿತ್ತು, ಸಹಿ ಹಾಕಿದ ಅಧಿಕಾರಿಯಿದ್ದರು. ಮನೆಯ ಮೂಲೆಯ ಮಂಚದ ಮೇಲೆ ಅಲಕ್ಷ್ಯದಿಂದ ಸತ್ತವನಿಗೆ ಇವು ಯಾವುವೂ ಇಲ್ಲ. ಆ ಸಾವು ಲೆಕ್ಕಕ್ಕೇ ಸೇರುವುದಿಲ್ಲ.

ಸಂಸತ್ತಿನಲ್ಲಿ ಬಂದು ಹೋದ ಮಸೂದೆ

ಈ ಕೊರತೆಯು ದೆಹಲಿಗೆ ತಿಳಿಯದ ವಿಷಯವೇನಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆಯನ್ನು ಕೇಂದ್ರ ಸರಕಾರವು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿತು. ವೃದ್ಧರಿಗೆ ಮನೆಯಲ್ಲಿ ಆರೈಕೆ ಒದಗಿಸುವ ಸಂಸ್ಥೆಗಳು ನೋಂದಣಿ ಮಾಡಿಸಿಕೊಳ್ಳಬೇಕು, ತರಬೇತಿ ಪಡೆದ ಮತ್ತು ಪೊಲೀಸ್ ಪರಿಶೀಲನೆಗೆ ಒಳಗಾದ ಆರೈಕೆದಾರರನ್ನೇ ಕಳುಹಿಸಬೇಕು ಎಂಬ ಅಂಶ ಅದರಲ್ಲಿತ್ತು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು. ಆದರೆ 2024ರಲ್ಲಿ ಹದಿನೇಳನೆಯ ಲೋಕಸಭೆಯ ವಿಸರ್ಜನೆಯೊಂದಿಗೆ ಅದೂ ಬಿದ್ದುಹೋಯಿತು. ಆ ಐದು ವರ್ಷಗಳಲ್ಲಿ ಎಷ್ಟೋ ಮಸೂದೆಗಳು ಒಂದೇ ದಿನದಲ್ಲಿ, ಚರ್ಚೆಯೇ ಇಲ್ಲದೆ ಅಂಗೀಕಾರವಾದವು. ವೃದ್ಧರ ಆರೈಕೆಗೆ ಮಾತ್ರ ಸಮಯ ಸಿಗಲಿಲ್ಲ! 2011ರ ಜನಗಣತಿಯ ಪ್ರಕಾರವೇ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿದ ದೇಶದ ಕಥೆಯಿದು.

ಹೊರಗಿನ ಜಗತ್ತನ್ನೂ ನೋಡೋಣ. ಇಂಗ್ಲೆಂಡಿನಲ್ಲಿ ಮನೆಗೆ ಬಂದು ರೋಗಿಗೆ ಸ್ನಾನ ಮಾಡಿಸುವ, ಉಣಿಸುವ ಸೇವೆ ನೀಡುವ ಸಂಸ್ಥೆಯೂ ಆರೈಕೆ ಗುಣಮಟ್ಟ ಆಯೋಗದಲ್ಲಿ ನೋಂದಾಯಿಸಿಕೊಳ್ಳಬೇಕು. ಆಯೋಗದ ತನಿಖಾ ವರದಿಯನ್ನು ಯಾರು ಬೇಕಾದರೂ ಓದಬಹುದು. ಅಮೆರಿಕದಲ್ಲಿ ಮೆಡಿಕೇರ್ ಯೋಜನೆಯ ಹಣ ಪಡೆಯುವ ಗೃಹ ಆರೋಗ್ಯ ಸಂಸ್ಥೆಗಳ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಕಡ್ಡಾಯ. ದುಬೈಯಲ್ಲಿ ಗೃಹ ಆರೋಗ್ಯ ಸೇವೆ ನೀಡಬೇಕಾದರೆ ಅಲ್ಲಿನ ಆರೋಗ್ಯ ಪ್ರಾಧಿಕಾರದ ಪರವಾನಿಗೆ ಪಡೆಯಬೇಕು. ನಮ್ಮ ರಾಜ್ಯದ ದಾದಿಯರು ಗಲ್ಫಿಗೆ ಹೋದರೆ ಅರ್ಹತೆಯ ಪರೀಕ್ಷೆಗೆ ಒಳಗಾಗುತ್ತಾರೆ. ಅಲ್ಲಿನ ರೋಗಿಯ ಜೀವಕ್ಕೆ ಇರುವ ಬೆಲೆ ಇಲ್ಲಿನ ರೋಗಿಯ ಜೀವಕ್ಕೆ ಇಲ್ಲವೇ?

ದುಡಿಯುವ ಹೆಣ್ಣುಮಕ್ಕಳ ಪಾಡು

ಪರವಾನಿಗೆಯ ಮಾತೆತ್ತಿದಾಗ ಎಲ್ಲರೂ ರೋಗಿಯ ಸುರಕ್ಷತೆಯನ್ನು ನೆನೆಯುತ್ತಾರೆ. ಆರೈಕೆ ಮಾಡುವವಳ ಸುರಕ್ಷತೆ ಯಾರಿಗೂ ನೆನಪಾಗುವುದಿಲ್ಲ. ಮನೆಯವರಿಂದ ಏಜೆನ್ಸಿ ಪಡೆಯುವ ಹಣವೆಷ್ಟು, ಅದರಲ್ಲಿ ಅವಳ ಕೈ ಸೇರುವುದೆಷ್ಟು? ಇಪ್ಪತ್ತನಾಲ್ಕು ಗಂಟೆಯ ಕೆಲಸದಲ್ಲಿ ಅವಳು ಮಲಗುವುದು ಯಾವಾಗ? ಅವಳ ಆಧಾರ್ ಕಾರ್ಡು, ಅಂಕಪಟ್ಟಿ ಯಾರ ಬೀರುವಿನಲ್ಲಿದೆ? ಮುಚ್ಚಿದ ಬಾಗಿಲ ಹಿಂದೆ ಅವಳ ಮಾನಕ್ಕೆ ಧಕ್ಕೆಯಾದರೆ ಅವಳು ಹೇಳಿಕೊಳ್ಳುವುದು ಯಾರಲ್ಲಿ? ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯಗಳಲ್ಲಿ ಕರ್ನಾಟಕವು ಮೊದಲ ಸಾಲಿನಲ್ಲಿದೆ. 2004ರಲ್ಲೇ ಆ ಅಧಿಸೂಚನೆ ಬಂದಿತ್ತು. ಆದರೆ ಯಾರ ಮನೆಯಲ್ಲಿ ಯಾರು ದುಡಿಯುತ್ತಿದ್ದಾರೆಂಬ ದಾಖಲೆಯೇ ಇಲ್ಲದಿದ್ದರೆ ಅಧಿಸೂಚನೆ ಕಾಗದವಾಗಿಯೇ ಉಳಿಯುತ್ತದೆ. ಮನೆಗೆಲಸದವರ ರಕ್ಷಣೆಗೆ ಕಾನೂನಿನ ಚೌಕಟ್ಟನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಬೇಕಾಯಿತೆಂದರೆ, ಕೊರತೆ ಎಷ್ಟು ಆಳವಾದುದೆಂದು ಊಹಿಸಬಹುದು.

ಸೇವೆಯನ್ನು ಕಟ್ಟಿಹಾಕಬಾರದು

ಇನ್ನೊಂದು ಆಕ್ಷೇಪವನ್ನು ನಾವು ಪ್ರಾಮಾಣಿಕವಾಗಿ ಎದುರಿಸಬೇಕು. ಪರವಾನಿಗೆ ಎಂದರೆ ಕಚೇರಿಗಳ ಅಲೆದಾಟ, ಲಂಚ, ಕಿರುಕುಳ. ದೊಡ್ಡ ಕಂಪೆನಿಗಳು ಶುಲ್ಕ ಕಟ್ಟಿ ಉಳಿಯುತ್ತವೆ, ಹಳ್ಳಿಯ ಸಣ್ಣ ಸಂಸ್ಥೆ ಮುಚ್ಚಿಹೋಗುತ್ತದೆ. ಪೊನ್ನಾಚಿಯಂತಹ ಊರಿಗೆ ಇರುವ ಅಲ್ಪ ನೆರವೂ ನಿಂತುಹೋಗುತ್ತದೆ ಎಂಬ ಭಯ ಆಧಾರರಹಿತವಲ್ಲ. ಆದುದರಿಂದಲೇ ಪರವಾನಿಗೆ ಯಾರಿಗೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ನೆರೆಮನೆಯ ತಾಯಿಗೆ ಗಂಜಿ ಕುಡಿಸುವ ಹೆಂಗಸಿಗೆ ಪರವಾನಿಗೆ ಬೇಡ. ಮಸೀದಿ, ಮಠ, ಚರ್ಚು, ಯುವಕ ಸಂಘಗಳ ವತಿಯಿಂದ ರೋಗಿಗಳನ್ನು ಸಂದರ್ಶಿಸುವ ಸ್ವಯಂಸೇವಕರ ಮೇಲೆ ಶುಲ್ಕ ಹೇರುವುದು ಬೇಡ. ಹಣ ಪಡೆದು, ಜನರನ್ನು ನೇಮಿಸಿ, ಆರೈಕೆಯನ್ನು ವ್ಯಾಪಾರವಾಗಿ ನಡೆಸುವವರ ಮೇಲೆ ಹೊಣೆ ಬೀಳಬೇಕು.

ಸೇವೆ ಮತ್ತು ಶಿಸ್ತು ಜೊತೆಗೂಡಬಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಸಾಮಾನ್ಯ ಜನರು ತರಬೇತಿ ಪಡೆದು, ಚಿಲ್ಲರೆ ಕಾಸು ಕೂಡಿಸಿ, ನೋವು ಶಮನ ಸೇವೆಯನ್ನು ಮನೆಮನೆಗೆ ಒಯ್ದರು. 2008ರಲ್ಲಿ ಕೇರಳ ಸರಕಾರವು ಅದಕ್ಕೊಂದು ನೀತಿಯನ್ನೇ ರೂಪಿಸಿ, ಸ್ಥಳೀಯ ಪಂಚಾಯತ್‌ಗಳಿಗೆ ಜವಾಬ್ದಾರಿ ವಹಿಸಿತು. ಅಲ್ಲಿ ನರ್ಸ್ ಮನೆಗೆ ಬರುತ್ತಾರೆ, ಜೊತೆಗೆ ಸ್ವಯಂಸೇವಕರೂ ಬರುತ್ತಾರೆ. ಯಾರ ಕೆಲಸ ಯಾವುದೆಂಬ ಗೆರೆ ಸ್ಪಷ್ಟವಾಗಿದೆ.

ನಮ್ಮ ಪಕ್ಕದ ಯಳಂದೂರನ್ನೇ ನೋಡಿ. ಕುಷ್ಠರೋಗದ ವಿರುದ್ಧ ದುಡಿಯಲು 1986ರಲ್ಲಿ ಆರಂಭವಾದ ಕರುಣಾ ಟ್ರಸ್ಟ್, 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರಕಾರದೊಂದಿಗಿನ ಒಪ್ಪಂದದ ಮೇಲೆ ವಹಿಸಿಕೊಂಡಿತು. ಖಾಸಗಿ ಕೈಗಳು ಸಾರ್ವಜನಿಕ ಕೆಲಸ ಮಾಡುವಾಗ ಹೊಣೆಯು ಬರಹದಲ್ಲಿರಬೇಕೆಂಬುದೇ ಅದರ ಪಾಠ. ಪರವಾನಿಗೆ ಎಂಬುದೂ ಅಂತಹ ಒಂದು ಬರಹವೇ ಹೊರತು ಬೇರೇನಲ್ಲ.

ನಮ್ಮ ಬೇಡಿಕೆಗಳು

ರಾಜ್ಯ ಸರಕಾರವು ಕೇಂದ್ರದ ಮುಂದಿನ ಮಸೂದೆಗಾಗಿ ಕಾಯಬೇಕಾಗಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಗೃಹ ಆರೈಕೆ ಏಜೆನ್ಸಿಗಳನ್ನು ಹೆಸರಿಸಿ ಸೇರಿಸಲಿ. ಜಿಲ್ಲೆಯಲ್ಲಿ ಈಗಾಗಲೇ ಇರುವ ಪ್ರಾಧಿಕಾರಕ್ಕೇ ಅವುಗಳ ನೋಂದಣಿ ಮತ್ತು ದೂರುಗಳ ಅಧಿಕಾರ ಕೊಡಲಿ.

ಮೊದಲನೆಯದಾಗಿ, ಕೆಲಸವನ್ನು ಎರಡು ದರ್ಜೆಯಾಗಿ ವಿಂಗಡಿಸಬೇಕು. ಸ್ನಾನ, ಊಟ, ಮಗ್ಗುಲು ಬದಲಿಸುವುದು ತರಬೇತಿ ಪಡೆದ ಸಹಾಯಕರ ಕೆಲಸ. ಚುಚ್ಚುಮದ್ದು, ನಳಿಕೆ, ಗಾಯದ ಶುಶ್ರೂಷೆ ನೋಂದಾಯಿತ ನರ್ಸ್‌ಗಳ ಕೆಲಸ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ಅಪರಾಧವಾಗಬೇಕು. ಎರಡನೆಯದಾಗಿ, ಪ್ರತಿ ಏಜೆನ್ಸಿಯೂ ಹೊಣೆಗಾರರಾದ ಒಬ್ಬ ನೋಂದಾಯಿತ ನರ್ಸ್ ಅಥವಾ ವೈದ್ಯರ ಹೆಸರನ್ನು ಘೋಷಿಸಬೇಕು. ಅವರು ರೋಗಿಯ ಮನೆಗೆ ಆಗಾಗ ಬಂದು ನೋಡಬೇಕು. ಮೂರನೆಯದಾಗಿ, ಪ್ರತಿ ಮನೆಯಲ್ಲೂ ಕನ್ನಡದಲ್ಲಿ ಬರೆದ ಆರೈಕೆಯ ಪುಸ್ತಕ ಇರಬೇಕು. ಯಾವ ಹೊತ್ತಿಗೆ ಏನು ಕೊಟ್ಟೆವು, ಏನು ಕಂಡೆವು ಎಂಬುದು ಅದರಲ್ಲಿ ದಾಖಲಾಗಬೇಕು. ನಾಲ್ಕನೆಯದಾಗಿ, ಮನೆಯವರು ಕೊಡುವ ದರ ಮತ್ತು ಕೆಲಸದವರಿಗೆ ಸಲ್ಲುವ ವೇತನ ಎರಡೂ ಒಂದೇ ಕರಾರಿನಲ್ಲಿ ಮುದ್ರಿತವಾಗಿರಬೇಕು. ವಿಶ್ರಾಂತಿ ಮತ್ತು ವಾರದ ರಜೆ ಕಡ್ಡಾಯವಾಗಬೇಕು, ದಾಖಲೆಗಳನ್ನು ಒತ್ತೆಯಿಟ್ಟುಕೊಳ್ಳುವುದು ನಿಷೇಧವಾಗಬೇಕು. ಐದನೆಯದಾಗಿ, ಸಣ್ಣ ಸಂಸ್ಥೆಗಳಿಗೆ ಶುಲ್ಕ ಅತ್ಯಲ್ಪವಾಗಿರಬೇಕು, ಹಣ ಪಡೆಯದ ಸೇವಾಸಂಘಗಳಿಗೆ ಹೆಸರು ನಮೂದಿಸಿದರೆ ಸಾಕು.

ಕಾನೂನು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಏಜೆನ್ಸಿಗೆ ಹಣ ತೆರಲಾಗದ ಬಡವರ ಸಂಖ್ಯೆಯೇ ಈ ತಾಲೂಕಿನಲ್ಲಿ ದೊಡ್ಡದು. ಅವರ ಪಾಲಿಗೆ ಸರಕಾರಿ ಆಸ್ಪತ್ರೆ, ಆಶಾ ಕಾರ್ಯಕರ್ತೆಯರು ಮತ್ತು ನಾವು ನೀವೇ ಆಸರೆ. ಆದುದರಿಂದ ಬೇಡಿಕೆಯ ಪತ್ರದೊಂದಿಗೆ ನಮ್ಮ ಕೆಲಸ ಮುಗಿಯುವುದಿಲ್ಲ. ಪ್ರತಿ ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ, ಅವರನ್ನು ನೋಡಿಕೊಳ್ಳುವವರು ಯಾರು ಎಂಬ ಪಟ್ಟಿಯನ್ನು ಜಾತಿ ಧರ್ಮ ನೋಡದೆ ಸಿದ್ಧಪಡಿಸಿ, ಮುಂದಿನ ಗ್ರಾಮಸಭೆಯಲ್ಲಿ ಓದೋಣ. ನಮ್ಮ ಊರಿನಿಂದ ಆರೈಕೆಯ ಕೆಲಸಕ್ಕೆಂದು ನಗರಕ್ಕೆ ಹೋದ ಹೆಣ್ಣುಮಕ್ಕಳು ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದನ್ನೂ ಅದೇ ಸಭೆಯಲ್ಲಿ ವಿಚಾರಿಸೋಣ. ಪರವಾನಿಗೆ ಕೊಡುವುದು ಸರಕಾರದ ಕೆಲಸ. ಕೇಳುವುದು, ಲೆಕ್ಕವಿಡುವುದು, ಬಿಟ್ಟುಕೊಡದಿರುವುದು ನಮ್ಮ ಕೆಲಸ.