ಹಿಂಡು ಯಾರ ಮಾತು ಕೇಳುತ್ತದೆ: ಪ್ರಾಣಿಕಥನಗಳಲ್ಲಿ ನಾಯಕತ್ವದ ಬಗೆಗಳು

ಪ್ರಾಣಿಗಳೇ ಪಾತ್ರಗಳಾದ ಕಲ್ಪನಾಕಥನದಲ್ಲಿ ನಾಯಕತ್ವ ಮೊದಲು ಮೈಕಟ್ಟಿನ ಪ್ರಶ್ನೆ. ಮನುಷ್ಯನಾದರೆ ಮನೆತನದ ಹೆಸರಿನಲ್ಲೋ ಹಣದ ಬಲದಲ್ಲೋ ಗದ್ದುಗೆ ಹಿಡಿಯಬಹುದು. ತೋಳಕ್ಕೆ ಹಲ್ಲು, ಮೊಲಕ್ಕೆ ಕಾಲು, ಬಂಡವಾಳ ಅಷ್ಟೆ. ರಡ್ಯರ್ಡ್ ಕಿಪ್ಲಿಂಗನ ‘ಜಂಗಲ್ ಬುಕ್’ (1894) ಈ ಷರತ್ತನ್ನು ಕಟುವಾಗಿ ಪಾಲಿಸುತ್ತದೆ. ಮುದಿ ತೋಳ ಅಕೇಲ ಒಂದೇ ಒಂದು ಬೇಟೆ ತಪ್ಪಿದ್ದಕ್ಕೆ ಪದವಿ ಕಳೆದುಕೊಳ್ಳುತ್ತಾನೆ. ದಣಿಯದ ಜಿಂಕೆಯತ್ತ ಅವನನ್ನು ಬೇಕೆಂದೇ ಕರೆದೊಯ್ದವರು ಹಿಂಡಿನ ಎಳೆಯ ತೋಳಗಳು. ಅವರ ಬೆನ್ನಿಗಿದ್ದವನು ಹುಲಿ ಶೇರ್ ಖಾನ್. ನಿಯಮ ನ್ಯಾಯದ್ದೇ, ಅದನ್ನು ಬಳಸಿಕೊಂಡ ಬಗೆ ಮಾತ್ರ ಪಕ್ಕಾ ರಾಜಕೀಯದ್ದು. ಅಂದಹಾಗೆ, ಕಾಡಿನ ತೋಳದ ಹಿಂಡೆಂದರೆ ಬಹುಮಟ್ಟಿಗೆ ತಂದೆ, ತಾಯಿ, ಮರಿಗಳ ಸಂಸಾರವೆಂದು ತಜ್ಞ ಡೇವಿಡ್ ಮೆಕ್ 1999ರಲ್ಲಿ ವಿವರಿಸಿದರು. ‘ಆಲ್ಫಾ’ ನಾಯಕನ ಗುಣಗಾನ ಮಾಡುವ ತರಬೇತಿ ಶಿಬಿರಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ನಾಯಕತ್ವದ ಬಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವ ಕೃತಿ ರಿಚರ್ಡ್ ಆಡಮ್ಸ್‌ನ ‘ವಾಟರ್‌ಶಿಪ್ ಡೌನ್’ (1972). ಮೊಲಗಳ ನಡವಳಿಕೆಗೆ ಆಡಮ್ಸ್ ಆಧರಿಸಿದ್ದು ಆರ್. ಎಂ. ಲಾಕ್ಲಿಯವರ ಕ್ಷೇತ್ರ ಅಧ್ಯಯನವನ್ನು. ನಾಯಕ ಹೇಜಲ್‌ಗೆ ಮಾದರಿಯಾದವರು ಎರಡನೆಯ ಮಹಾಯುದ್ಧದಲ್ಲಿ ಆಡಮ್ಸ್‌ನ ಮೇಲಧಿಕಾರಿಯಾಗಿದ್ದ ಮೇಜರ್ ಜಾನ್ ಗಿಫರ್ಡ್. ಹೇಜಲ್ ಬಲಶಾಲಿಯಲ್ಲ, ಬಲ ಬಿಗ್‌ವಿಗ್‌ನದು, ಬುದ್ಧಿ ಬ್ಲ್ಯಾಕ್‌ಬೆರಿಯದು, ಮುಂಗಾಣ್ಕೆ ತಮ್ಮ ಫೈವರ್‌ನದು. ಹುಟ್ಟಿದ ಬಿಲ ಬಿಟ್ಟು ಹೊರಟ ಗುಂಪು, ನಾಯಿಯೊಂದು ಕಾಡಿನಲ್ಲಿ ಅಲೆಯುತ್ತಿರುವಾಗ ಹೊಳೆ ದಾಟಬೇಕಿದೆ. ಫೈವರ್ ಮತ್ತು ಪುಟ್ಟ ಪಿಪ್ಕಿನ್ ಈಜುವ ಸ್ಥಿತಿಯಲ್ಲಿಲ್ಲ. ಹಲಗೆಯ ಮೇಲೆ ಕೂರಿಸಿ ತೇಲಿಸಬಹುದೆಂದು ಬ್ಲ್ಯಾಕ್‌ಬೆರಿ ಹೇಳಿದಾಗ ಹೇಜಲ್‌ಗೆ ತಲೆಬುಡ ಅರ್ಥವಾಗುವುದಿಲ್ಲ. ಆದರೂ ಒಪ್ಪುತ್ತಾನೆ. ತನಗೆ ತಿಳಿಯದ್ದನ್ನು ಬಲ್ಲವನನ್ನು ನಂಬುವ ಈ ಗುಣವೇ ಅವನ ದೊಡ್ಡ ಆಸ್ತಿ. ಗಾಯಗೊಂಡ ಕಡಲಹಕ್ಕಿ ಕೆಹಾರ್‌ಗೆ ಹುಳು ಹುಪ್ಪಟೆ ತಂದು ಉಣಿಸುವಂತೆ ಹೇಳಿದವನೂ ಅವನೇ. ಮುಂದೆ ಹೆಣ್ಣು ಮೊಲಗಳಿರುವ ಬಿಲಗಳನ್ನು ಪತ್ತೆ ಹಚ್ಚಿದ್ದು ಆ ಹಕ್ಕಿ. ಹಾಗೆಂದು ಅವನು ನಿರ್ದೋಷಿಯಲ್ಲ. ಮೆಚ್ಚುಗೆಯ ಆಸೆಗೆ ಬಿದ್ದು ತೋಟದ ಮನೆಯ ಮೊಲಗಳನ್ನು ಬಿಡಿಸಲು ಹೋಗಿ ಕಾಲಿಗೆ ಗುಂಡು ತಿನ್ನುತ್ತಾನೆ.

ಎದುರು ಮಾದರಿಗಳು ಮೂರು. ಹೇಜಲ್‌ನ ಗುಂಪು ಬಿಟ್ಟು ಬಂದ ಸ್ಯಾಂಡಲ್‌ಫರ್ಡ್ ಬಿಲದ ಮುಖ್ಯಸ್ಥ ಥ್ರೆಯರಾ, ಫೈವರ್‌ನ ಎಚ್ಚರಿಕೆಯನ್ನು ಸೌಜನ್ಯದಿಂದಲೇ ಕೇಳಿ ಪಕ್ಕಕ್ಕಿಡುವ ಹಳೇ ಆಡಳಿತಗಾರ. ಕೌಸ್ಲಿಪ್‌ನ ಬಿಲದಲ್ಲಿ ಮುಖ್ಯಸ್ಥನೇ ಇಲ್ಲ. ರೈತ ಎಸೆವ ಮೇವು ಯಥೇಚ್ಛ, ಉರುಳಿಗೆ ಬಿದ್ದವರು ಎಲ್ಲಿ ಹೋದರೆಂದು ಕೇಳುವುದು ಮಾತ್ರ ನಿಷಿದ್ಧ. ಮೂರನೆಯದು ಜನರಲ್ ವೂಂಡ್‌ವರ್ಟ್ ಆಳುವ ಎಫ್ರಾಫ. ಅಲ್ಲಿ ಪ್ರತಿ ಮೊಲಕ್ಕೂ ಗುರುತಿನ ಕಚ್ಚು, ಮೇಯಲು ಸರದಿ, ಸುತ್ತ ಗಸ್ತು. ಇದೆಲ್ಲ ಶುರುವಾದದ್ದು ಮನುಷ್ಯನ ಕಣ್ಣಿಗೆ, ಅವನು ಹರಡುವ ರೋಗಕ್ಕೆ ಸಿಗಬಾರದೆಂಬ ಕಾಳಜಿಯಿಂದ. ಕೊನೆಗೆ ಜಾಗ ಸಾಲದೆ ಹೆಣ್ಣು ಮೊಲಗಳ ಗರ್ಭ ಒಳಗೇ ಕರಗುತ್ತದೆ. ಇದು ಕಟ್ಟುಕಥೆಯಲ್ಲ, ಒತ್ತಡದಲ್ಲಿ ಮೊಲದ ಗರ್ಭಕ್ಕೆ ನಿಜಕ್ಕೂ ಹೀಗಾಗುತ್ತದೆ. ಆಡಳಿತವೊಂದರ ವೈಫಲ್ಯವನ್ನು ತೋರಿಸಲು ಇಷ್ಟು ಸಮರ್ಥವಾದ ಸಾಕ್ಷಿ ಮನುಷ್ಯಪಾತ್ರಗಳ ಕಾದಂಬರಿಗಳಲ್ಲಿ ಅಪರೂಪ.

ಹೇಜಲ್ ಮತ್ತು ವೂಂಡ್‌ವರ್ಟ್‌ರ ಬಗೆಗಳ ತೀರ್ಮಾನವಾಗುವುದು, ವೂಂಡ್‌ವರ್ಟ್ ಹೇಜಲ್‌ನ ಬಿಲದ ಮೇಲೆ ದಾಳಿ ಮಾಡಿದಾಗ, ಇಕ್ಕಟ್ಟಾದ ಸುರಂಗದಲ್ಲಿ. ದಾರಿಗಡ್ಡವಾಗಿ ನಿಂತ ಬಿಗ್‌ವಿಗ್, ಈ ಸುರಂಗ ಕಾಯಲು ತನ್ನ ಮುಖ್ಯಸ್ಥ ಅಪ್ಪಣೆ ಮಾಡಿದ್ದಾನೆ ಎನ್ನುತ್ತಾನೆ. ಇವನೇ ಮುಖ್ಯಸ್ಥನೆಂದು ಭಾವಿಸಿದ್ದ ವೂಂಡ್‌ವರ್ಟ್ ಅಳುಕುತ್ತಾನೆ. ಇವನಿಗಿಂತ ದೈತ್ಯ ಮೊಲ ಇನ್ನೊಂದಿರಬೇಕು! ಬಲ್ಲಿದನೊಬ್ಬ ಕುಂಟ ಮೊಲದ ಮಾತಿಗೆ ತಲೆಬಾಗುವುದು ಅವನ ಕಲ್ಪನೆಗೂ ನಿಲುಕದು.

ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ (1945) ಬೇರೆ ಜಾತಿಯ ಕೃತಿ. ಅಲ್ಲಿ ನೆಪೋಲಿಯನ್ ಎಂಬ ಹಂದಿ ಕೊನೆಗೆ ಎರಡೇ ಕಾಲಲ್ಲಿ ನಡೆಯುತ್ತದೆ. ಹಂದಿತನ ಕಳಚಿದಷ್ಟೂ ರೂಪಕ ಸ್ಪಷ್ಟವಾಗುತ್ತದೆ. ಸಿ. ಎಸ್. ಲೂಯಿಸ್‌ನ ‘ದಿ ಲಾಸ್ಟ್ ಬ್ಯಾಟಲ್’ (1956) ಕೃತಿಯಲ್ಲಿ ಕತ್ತೆಗೆ ಸಿಂಹದ ತೊಗಲು ಹೊದಿಸಿ ವಾನರನೊಬ್ಬ ಆಳುವುದು ಎರವಲು ಅಧಿಕಾರದ ಮಾದರಿ.

ಪ್ರಾಣಿದೊರೆಗಳ ಕಥೆ ಕನ್ನಡಕ್ಕೂ ಹೊಸದಲ್ಲ. ಪಂಚತಂತ್ರವನ್ನು ದುರ್ಗಸಿಂಹ ಕನ್ನಡಕ್ಕೆ ತಂದದ್ದು 11ನೆಯ ಶತಮಾನದಲ್ಲಿ. ಅದರ ಪಿಂಗಳಕ ಸಿಂಹ ಎತ್ತಿನ ಹೂಂಕಾರಕ್ಕೆ ಬೆದರಿ, ನರಿಯ ಮಾತಿಗೆ ಕಿವಿಗೊಟ್ಟು, ಕೊನೆಗೆ ಗೆಳೆಯನಾದ ಆ ಎತ್ತನ್ನೇ ಕೊಲ್ಲುವ ದೊರೆ. ವೂಂಡ್‌ವರ್ಟ್‌ನನ್ನೂ ಪಿಂಗಳಕನನ್ನೂ ಒಟ್ಟಿಗಿಟ್ಟು ಓದುವ ಕೆಲಸ ಪ್ರಾಣಿಕಥನಗಳನ್ನು ಕುರಿತ ಈ ವಿಚಾರಸಂಕಿರಣದ ಗೋಷ್ಠಿಗಳಲ್ಲಿ ಆಗಲಿ. ಮಂಡನೆಗಳು ರೂಪಕ ಬಿಡಿಸುವ ಮೊದಲು ಆಯಾ ಪ್ರಾಣಿಯ ನಿಜ ಬದುಕನ್ನು ಗಮನಿಸಲಿ.