ಅಂಕಪಟ್ಟಿಯೂ ಆಯ್ಕೆಯೂ

ಮಾವಿನಹಣ್ಣನ್ನು ಕೊಳ್ಳುವವನು ಮೂಸಿ ನೋಡುತ್ತಾನೆ; ಸೀರೆ ಕೊಳ್ಳುವವಳು ಸೆರಗನ್ನು ಬೆಳಕಿಗೆ ಹಿಡಿಯುತ್ತಾಳೆ. ಆದರೆ ಇನ್ನೂ ಬಾರದ ಕಾಯಿಲೆಗಾಗಿ ಇಂದೇ ಚಿಕಿತ್ಸೆಯ ಏರ್ಪಾಟನ್ನು ಕೊಳ್ಳುವವರು ಏನನ್ನು ನೋಡಿ ಕೊಳ್ಳಬೇಕು? ಅಮೆರಿಕದ ಅಸಂಖ್ಯ ನೌಕರರ ಮುಂದೆ ವರ್ಷಕ್ಕೊಮ್ಮೆ ಬಂದು ನಿಲ್ಲುವ ಪ್ರಶ್ನೆ ಇದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಆ ದೇಶದ ಸರ್ಕಾರ ಸಂಬಳದ ಏರಿಕೆಗೆ ಕಡಿವಾಣ ಹಾಕಿತು. ಕೆಲಸಗಾರರನ್ನು ಸೆಳೆಯಲು ಮಾಲೀಕರು ಆರೋಗ್ಯವಿಮೆಯನ್ನು ಮುಂದೊಡ್ಡಿದರು. ಯುದ್ಧ ಮುಗಿದರೂ ಪದ್ಧತಿ ಉಳಿಯಿತು. ದೊಡ್ಡ ಸಂಸ್ಥೆಗಳು ಹಲವು ವಿಮಾಯೋಜನೆಗಳನ್ನು ಮುಂದಿಟ್ಟು ಒಂದನ್ನು ಆರಿಸಿಕೊಳ್ಳಿರೆನ್ನುತ್ತವೆ. ಕಟ್ಟಬೇಕಾದ ಕಂತು ಕಣ್ಣಿಗೆ ಕಾಣುತ್ತದೆ; ದೊರೆಯುವ ಚಿಕಿತ್ಸೆಯ ಗುಣ ಕಾಣುವುದಿಲ್ಲ.

ಈ ಕೊರತೆಯನ್ನು ತುಂಬಲೆಂದು 1990ರ ದಶಕದಲ್ಲಿ ಯೋಜನೆಗಳಿಗೂ ಅಂಕಪಟ್ಟಿಗಳು ಬಂದವು. ಎಷ್ಟು ಮಕ್ಕಳಿಗೆ ಲಸಿಕೆ ಹಾಕಲಾಯಿತು, ಎಷ್ಟು ಮಂದಿ ಮಧುಮೇಹಿಗಳ ಕಣ್ಣು ಪರೀಕ್ಷಿಸಲಾಯಿತು, ಸದಸ್ಯರಿಗೆ ತೃಪ್ತಿಯಿದೆಯೇ ಎಂಬಂಥ ಅಳತೆಗಳು ಅವು. ಜನರಲ್ ಮೋಟಾರ್ಸ್ ಸಂಸ್ಥೆ ಕಾರ್ಮಿಕ ಸಂಘಕ್ಕೆ ಸೇರದ ತನ್ನ ನೌಕರರಿಗೆ ಇಂಥದೊಂದು ಪಟ್ಟಿಯನ್ನು ಹಂಚಿತು. 1996 ಮತ್ತು 1997ರ ಅವರ ಆಯ್ಕೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಸರಾಸರಿಗಿಂತ ಕಡಿಮೆ ಎಂಬ ಗುರುತು ಹಲವು ಕಡೆ ಬಿದ್ದಿದ್ದ ಯೋಜನೆಗಳಿಂದ ನೌಕರರು ದೂರ ಸರಿದಿದ್ದರು. ಉತ್ತಮವೆಂಬ ಗುರುತುಗಳು ಮಾತ್ರ ಅವರನ್ನು ಅಷ್ಟು ಬಲವಾಗಿ ಸೆಳೆದಿರಲಿಲ್ಲ.

ಇದರಲ್ಲಿ ನನಗೆ ಆಶ್ಚರ್ಯ ತೋರುವುದಿಲ್ಲ. ಒಳ್ಳೆಯದೆಂಬ ಹೊಗಳಿಕೆಯನ್ನು ನಾವು ಅನುಮಾನದಿಂದ ಕೇಳುತ್ತೇವೆ. ಕೆಟ್ಟದ್ದೆಂಬ ಎಚ್ಚರಿಕೆಯನ್ನು ಒಡನೆ ನಂಬುತ್ತೇವೆ. ಹಿತೈಷಿಗಳು ಹೆಣ್ಣು ಗಂಡು ನೋಡಿಬಂದು ಹೇಳುವ ಮಾತಿಗೂ ಇದೇ ಗತಿ. ಅಲ್ಲದೆ, ಮಗುವಿನ ಉಬ್ಬಸವನ್ನು ಬಲ್ಲ ವೈದ್ಯರು ಹೊಸ ಯೋಜನೆಯಲ್ಲಿ ಇಲ್ಲವಾದರೆ, ಉತ್ತಮವೆಂಬ ಗುರುತು ತಾಯಿಯೊಬ್ಬಳಿಗೆ ಯಾವ ಸಮಾಧಾನವನ್ನು ತಂದೀತು? ಪಟ್ಟಿ ಹೇಳುವುದು ಸಾವಿರಾರು ಜನರ ಸರಾಸರಿಯನ್ನು. ಅವಳಿಗೆ ಬೇಕಾದದ್ದು ಒಂದೇ ಮಗುವಿನ ಮಾತು.

ಹಾಗೆಂದು ಪಟ್ಟಿ ವ್ಯರ್ಥವೆನ್ನಲಾರೆ. ಹಳ್ಳವಿದೆಯೆಂದು ತೋರಿಸುವ ದೀಪ ಊರಿನ ದಾರಿಯನ್ನು ತೋರಿಸದಿದ್ದರೂ ಉಪಕಾರವೇ. ಆದರೆ ದೀಪ ಹಿಡಿದವರ ಕರ್ತವ್ಯ ಅಲ್ಲಿಗೆ ಮುಗಿಯಬಾರದು. ಪಟ್ಟಿಯನ್ನು ಓದಿ ಅರ್ಥಮಾಡಿಕೊಂಡವನು ಕೆಟ್ಟ ಯೋಜನೆಯಿಂದ ಹೊರಬರುತ್ತಾನೆ. ಓದಲು ಬಿಡುವಿಲ್ಲದವನು, ಓದಿಯೂ ತಿಳಿಯದವನು ಅದರಲ್ಲಿಯೇ ಉಳಿಯುತ್ತಾನೆ. ಯಾವ ಯೋಜನೆಗಳು ನೌಕರರ ಮುಂದೆ ಬರಬೇಕೆಂದು ಮೊದಲು ಆರಿಸುವವನು ಮಾಲೀಕ. ಆದ್ದರಿಂದ ಅಂಕಪಟ್ಟಿಯನ್ನು ಎಲ್ಲರಿಗಿಂತ ಮೊದಲು ಓದಬೇಕಾದವನೂ, ಓದಿ ಕಳಪೆಯಾದದ್ದನ್ನು ಕೈಬಿಡಬೇಕಾದವನೂ ಅವನೇ ಎಂದು ನಾನು ಭಾವಿಸುತ್ತೇನೆ.